ಮುನ್ನೂರರಲ್ಲಿ ಒಂದು: ನಗುವ ಹೂವಿನ ಚಿತ್ರಕ್ಕೆ ಬೆಲೆ ಕಟ್ಟಿದ್ದು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದುವ ಅನುಕೂಲಕ್ಕಾಗಿ ಉಪಶೀರ್ಷಿಕೆಗಳನ್ನು ಸೇರಿಸಲಾಗಿದೆ.)



ಇವತ್ತು ಒಂದು ಚಿತ್ರದ ಬಗ್ಗೆ ಮಾತಾಡೋಣ. ಕಿವಿಯಲ್ಲಿ ಕೇಳೋ ಕಾರ್ಯಕ್ರಮದಲ್ಲಿ ಚಿತ್ರ ತೋರಿಸೋಕೆ ಆಗಲ್ಲ. ಹಾಗಾಗಿ ನಾನು ವಿವರಿಸ್ತೀನಿ, ನೀವು ಕಣ್ಣ ಮುಂದೆ ತಂದುಕೊಳ್ಳಿ.

ಒಂದು ದುಂಡನೆಯ ಚಿತ್ರ. ಅಡ್ಡಳತೆ ಸುಮಾರು 71 ಸೆಂಟಿಮೀಟರ್. ಅದರ ತುಂಬಾ ಹೂವುಗಳು: ಕೆಂಪು, ಹಳದಿ, ನೀಲಿ, ಗುಲಾಬಿ, ಹಸಿರು. ಪ್ರತಿ ಹೂವಿಗೂ 12 ದಳ. ನಡುವೆ ಒಂದು ದುಂಡು ಮುಖ, ಎರಡು ಕಣ್ಣು, ಬಾಯಿ ತುಂಬಾ ನಗು. ಬೆರಳಿಡೋಕೂ ಖಾಲಿ ಜಾಗ ಇಲ್ಲ. ಅಂಚಿನ ಕಡೆ ಹೋದಹಾಗೆ ಹೂವುಗಳು ಚಿಕ್ಕದಾಗ್ತಾ ಹೋಗೋದರಿಂದ ಚಪ್ಪಟೆ ಚಿತ್ರ ಚೆಂಡಿನ ಹಾಗೆ ಉಬ್ಬಿದೆ ಅನ್ನಿಸುತ್ತೆ. ಮಕ್ಕಳ ಕೋಣೆಯ ಗೋಡೆಗೆ ಅಂಟಿಸೋ ಕಾಗದದ ಥರ, ಹಬ್ಬದ ದಿನದ ಸಿಹಿ ಡಬ್ಬಿಯ ಮುಚ್ಚಳದ ಥರ. ಕೆಳಗೆ ಕಲಾವಿದನ ಕೈಬರಹದ ಸಹಿ. ಅದರ ಪಕ್ಕ ಒಂದು ಸಂಖ್ಯೆ. 43/300 ಅಂತ ಇದೆ ಅಂದುಕೊಳ್ಳಿ. ಅಂದರೆ ಈ ಚಿತ್ರದ 300 ಪ್ರತಿಗಳಿವೆ, ಇದು ಅದರಲ್ಲಿ 43ನೆಯದು.

ಕಲಾವಿದ ಜಪಾನಿನ ತಕಾಶಿ ಮುರಕಾಮಿ. ಇಂಥ ಹೂವಿನ ಚಿತ್ರಗಳನ್ನು ಅವರು ಹತ್ತಾರು ಬಗೆಯಲ್ಲಿ ಮಾಡಿದ್ದಾರೆ. ಮಾಡಿರೋ ವಿಧಾನದ ಹೆಸರು ಆಫ್‌ಸೆಟ್ ಲಿಥೋಗ್ರಾಫ್. ಇಲ್ಲೇ ನನ್ನ ಬಿ.ಕಾಂ. ತಲೆ ಕೆರೆದುಕೊಳ್ಳೋಕೆ ಶುರು ಮಾಡಿದ್ದು. ಯಾಕಂದ್ರೆ ನಿಮ್ಮ ಮನೆ ಗೋಡೆಯ ಕ್ಯಾಲೆಂಡರ್, ಮದುವೆ ಕರೆಯೋಲೆ, ಬೆಳಗ್ಗೆ ಬಾಗಿಲಿಗೆ ಬೀಳೋ ದಿನಪತ್ರಿಕೆ, ಇವೆಲ್ಲ ಅಚ್ಚಾಗೋದೂ ಬಹುಪಾಲು ಇದೇ ಆಫ್‌ಸೆಟ್ ವಿಧಾನದಲ್ಲಿ. ಕ್ಯಾಲೆಂಡರನ್ನು ಅಂಗಡಿಯವರು ಪುಕ್ಕಟೆ ಕೊಡ್ತಾರೆ. ಆ ಹೂವಿನ ಚಿತ್ರ ಹರಾಜಿನಲ್ಲಿ ಸಾವಿರ ಡಾಲರಿಗಿಂತ ಹೆಚ್ಚಿಗೆ ಹೋಗೋದು ಸಾಮಾನ್ಯ.

ಹಾಗಾದ್ರೆ ದುಡ್ಡು ಕೊಡ್ತಾ ಇರೋದು ಯಾವುದಕ್ಕೆ? ಚಿತ್ರಕ್ಕಾ, ಕಾಗದಕ್ಕಾ, ಇಲ್ಲಾ ಆ ಪುಟ್ಟ ಸಂಖ್ಯೆಗಾ? ಉತ್ತರಕ್ಕೆ 230 ವರ್ಷ ಹಿಂದೆ ಹೋಗಬೇಕು. ಮೊದಲು ಜರ್ಮನಿ, ಆಮೇಲೆ ಪ್ಯಾರಿಸ್, ಕೊನೆಗೆ ಜಪಾನ್.

ಬಟ್ಟೆ ಲೆಕ್ಕ ಬರೆದ ಕಲ್ಲು

ಅಲೋಯಿಸ್ ಸೆನೆಫೆಲ್ಡರ್. ಹುಟ್ಟಿದ್ದು 1771ರಲ್ಲಿ ಪ್ರಾಗ್‌ನಲ್ಲಿ, ಬದುಕಿದ್ದು ಮ್ಯೂನಿಕ್‌ನಲ್ಲಿ. ಅಪ್ಪ ನಾಟಕದ ನಟ. ಹುಡುಗ ಕಾನೂನು ಓದ್ತಾ ಇದ್ದ, ಅಪ್ಪ ತೀರಿಕೊಂಡಮೇಲೆ ಓದು ನಿಂತುಹೋಯಿತು. ನಾಟಕ ಬರೆದು ಹೊಟ್ಟೆ ಹೊರೆಯೋಣ ಅಂದುಕೊಂಡ. ನಾಟಕ ಅಚ್ಚು ಹಾಕಿಸೋಕೆ ಹೋದರೆ ಖರ್ಚು ಕೈ ಮೀರುತ್ತಿತ್ತು. ಸರಿ, ನಾನೇ ಅಚ್ಚು ಹಾಕ್ತೀನಿ ಅಂತ ಹೊರಟ. ತಾಮ್ರದ ತಗಡಿನ ಮೇಲೆ ಅಕ್ಷರವನ್ನು ತಿರುಗುಮುರುಗಾಗಿ ಬರೆಯೋ ಅಭ್ಯಾಸ ಮಾಡಿದ. ತಾಮ್ರವೂ ದುಬಾರಿ. ಅದಕ್ಕೆ ಅಭ್ಯಾಸಕ್ಕಂತ ಸೋಲ್ನ್‌ಹೋಫನ್ ಅನ್ನೋ ಊರಿನ ನುಣುಪಾದ ಸುಣ್ಣಕಲ್ಲು ತಂದಿಟ್ಟುಕೊಂಡ.

ಮುಂದಿನ ಕಥೆಯನ್ನು ಅವನೇ ತನ್ನ 1818ರ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. 1796ರಲ್ಲಿ ಒಂದು ದಿನ ಬಟ್ಟೆ ಒಗೆಯುವಾಕೆ ಬಾಗಿಲಲ್ಲಿ ಕಾಯ್ತಾ ಇದ್ದಳು. ಅಮ್ಮ ಬಟ್ಟೆ ಲೆಕ್ಕ ಬರೆದುಕೋ ಅಂದಳು. ಕೈಗೆ ಒಂದು ಚೂರು ಕಾಗದ ಸಿಗಲಿಲ್ಲ. ಮೇಣ, ಸೋಪು, ದೀಪದ ಮಸಿ ಸೇರಿಸಿ ತಾನೇ ಮಾಡಿಕೊಂಡಿದ್ದ ಶಾಯಿಯಲ್ಲಿ, ಆಗಷ್ಟೇ ಉಜ್ಜಿಟ್ಟಿದ್ದ ಕಲ್ಲಿನ ಮೇಲೆ ಲೆಕ್ಕ ಗೀಚಿದ. ಆಮೇಲೆ ಅದನ್ನು ಒರೆಸೋ ಮುಂಚೆ, ಇದರ ಮೇಲೆ ಆಮ್ಲ ಹಾಕಿದರೆ ಏನಾಗಬಹುದು ಅಂತ ಕುತೂಹಲ ಹುಟ್ಟಿತು. ಅಲ್ಲಿಂದ ಎರಡು ವರ್ಷದ ಪ್ರಯೋಗ ನಡೆದು, 1798ರ ಹೊತ್ತಿಗೆ ವಿಧಾನ ಕೈಗೆ ಬಂತು.

ಹಿಂದಿನ ಗುಟ್ಟು ನಮ್ಮ ಅಡುಗೆಮನೆಯಲ್ಲಿ ದಿನಾ ಕಾಣೋದೇ: ಎಣ್ಣೆ ನೀರು ಬೆರೆಯಲ್ಲ. ಜಿಡ್ಡಿನ ಕಡ್ಡಿಯಿಂದ ಕಲ್ಲಿನ ಮೇಲೆ ಚಿತ್ರ ಬಿಡಿಸಬೇಕು. ಗೋಂದು ಮತ್ತು ಸ್ವಲ್ಪ ಆಮ್ಲ ಬೆರೆಸಿ ಸವರಬೇಕು. ಆಗ ಜಿಡ್ಡಿರೋ ಕಡೆ ಜಿಡ್ಡು ಗಟ್ಟಿಯಾಗಿ ಕೂರುತ್ತೆ, ಉಳಿದ ಕಡೆ ಕಲ್ಲು ನೀರು ಹಿಡಿದುಕೊಳ್ಳುತ್ತೆ. ಕಲ್ಲನ್ನು ಒದ್ದೆ ಮಾಡಿ ಎಣ್ಣೆ ಶಾಯಿಯ ರೋಲರ್ ಉರುಳಿಸಿದರೆ ಶಾಯಿ ಚಿತ್ರಕ್ಕೆ ಮಾತ್ರ ಅಂಟುತ್ತೆ. ಕಾಗದ ಇಟ್ಟು ಒತ್ತಿದರೆ ಒಂದು ಪ್ರತಿ ಸಿದ್ಧ. ಕೆತ್ತೋದೂ ಇಲ್ಲ, ಉಬ್ಬೂ ಇಲ್ಲ, ತಗ್ಗೂ ಇಲ್ಲ. ಬಣ್ಣ ಬೇಕಾದರೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು, ಅದೇ ಕಾಗದವನ್ನು ಒಂದಾದಮೇಲೆ ಒಂದರ ಮೇಲೆ ಕೂದಲೆಳೆಯಷ್ಟೂ ಜರುಗದಂತೆ ಇಡಬೇಕು.

ಅದೇ ಸೋಲ್ನ್‌ಹೋಫನ್ ಕಲ್ಲಿನಲ್ಲಿ 1861ರಲ್ಲಿ ಹಕ್ಕಿಯಂಥ ರೆಕ್ಕೆಪುಕ್ಕ ಇರೋ ಒಂದು ಪ್ರಾಚೀನ ಜೀವಿಯ ಪಳೆಯುಳಿಕೆ ಸಿಕ್ಕಿತು. ಅದಕ್ಕಿಟ್ಟ ವೈಜ್ಞಾನಿಕ ಹೆಸರು ಆರ್ಕಿಯಾಪ್ಟರಿಕ್ಸ್ ಲಿಥೋಗ್ರಾಫಿಕಾ. ಅಚ್ಚಿನ ಕಲ್ಲಿನ ಹೆಸರು ಆ ಜೀವಿಗೇ ಅಂಟಿಕೊಂಡಿತು.

ನಮಗೂ ಈ ಕಲ್ಲಿಗೂ ಒಂದು ನೇರ ಸಂಬಂಧ ಇದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತಲ್ಲ, ಅದು ಅಚ್ಚುಮೊಳೆಯಲ್ಲಿ ಮುದ್ರಣವಾದದ್ದಲ್ಲ, ಕಲ್ಲಚ್ಚಿನಲ್ಲಿ. ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಅಚ್ಚುಮೊಳೆಗೆ ಬದಲಾಯಿತು. ನಾವು ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನ ಆಚರಿಸ್ತೀವಿ. ಆಚರಿಸ್ತಾ ಇರೋದು ಒಂದು ಲಿಥೋಗ್ರಾಫಿನ ಹುಟ್ಟುಹಬ್ಬವನ್ನೂ ಹೌದು.

ಒಂದು ಮಾತು ನೆನಪಿಟ್ಟುಕೊಳ್ಳಿ. ಸೆನೆಫೆಲ್ಡರ್‌ಗೂ ಮೋಗ್ಲಿಂಗ್‌ಗೂ ಕಲ್ಲು ಬೇಕಾಗಿದ್ದು ಅಗ್ಗವಾಗಿ, ಬೇಗ, ಹೆಚ್ಚು ಪ್ರತಿ ತೆಗೆಯೋಕೆ. ಲಿಥೋಗ್ರಾಫ್ ಹುಟ್ಟಿದ್ದೇ ದುಡ್ಡು ಉಳಿಸೋಕೆ. ದುಬಾರಿಯಾಗಿದ್ದು ಆಮೇಲೆ.

ಗೋಡೆಯಿಂದ ಗ್ಯಾಲರಿಗೆ

ಈಗ ಪ್ಯಾರಿಸ್. 1866ರಲ್ಲಿ ಜೂಲ್ಸ್ ಶೆರೆ ಅನ್ನೋ ಕಲಾವಿದ ಅಲ್ಲಿ ಬಣ್ಣದ ಕಲ್ಲಚ್ಚಿನ ಪೋಸ್ಟರ್ ಮಾಡೋಕೆ ಶುರು ಮಾಡಿದ. ನಾಟಕ, ನೃತ್ಯಶಾಲೆ, ದೀಪದ ಎಣ್ಣೆ, ಎಲ್ಲಕ್ಕೂ ಪೋಸ್ಟರ್. 1881ರ ಜುಲೈ 29ರ ಪತ್ರಿಕಾ ಸ್ವಾತಂತ್ರ್ಯ ಕಾನೂನು ಬಂದಮೇಲಂತೂ ಗೋಡೆಗಳು ಭರ್ತಿ. ಪ್ಯಾರಿಸ್‌ನ ಹಳೇ ಗೋಡೆಗಳ ಮೇಲೆ ‘ಇಲ್ಲಿ ಅಂಟಿಸಬಾರದು’ ಅಂತ ಇವತ್ತಿಗೂ ಕಾಣೋ ಬರಹದಲ್ಲಿ ಉಲ್ಲೇಖ ಆಗಿರೋದು ಇದೇ ಕಾನೂನು. ಜಾಹೀರಾತಿಗೆ ಕಲೆ ತಂದುಕೊಟ್ಟ ಅಂತ 1890ರಲ್ಲಿ ಸರ್ಕಾರ ಶೆರೆಗೆ ಲೀಜನ್ ಆಫ್ ಆನರ್ ಗೌರವ ಕೊಟ್ಟಿತು. 1891ರಲ್ಲಿ ತುಲೂಸ್ ಲೋಟ್ರೆಕ್ ಮಾಡಿದ ಮೂಲಾ ರೂಜ್ ಪೋಸ್ಟರ್ ಸುಮಾರು 3000 ಪ್ರತಿ ಅಚ್ಚಾಗಿ ಊರ ತುಂಬಾ ಅಂಟಿತು.

ಆಗ ಒಂದು ವಿಚಿತ್ರ ನಡೀತು. ಜನ ಪೋಸ್ಟರ್ ಕಿತ್ತುಕೊಂಡು ಹೋಗೋಕೆ ಶುರು ಮಾಡಿದರು. ಮಳೆಗೆ ಹಾಳಾಗಲಿ ಅಂತ ಮಾಡಿದ ವಸ್ತು ಸಂಗ್ರಹದ ವಸ್ತುವಾಯಿತು. ವ್ಯಾಪಾರಿಗಳಿಗೆ ಇದು ಅರ್ಥವಾಗೋಕೆ ತಡ ಆಗಲಿಲ್ಲ. 1893ರಲ್ಲಿ ಆಂದ್ರೆ ಮಾರ್ಟಿ ಅನ್ನೋ ಪ್ರಕಾಶಕ ‘ಲೆಸ್ಟಾಂಪ್ ಒರಿಜಿನಾಲ್’ ಅಂತ ಒಂದು ಮುದ್ರಣ ಸಂಪುಟ ತಂದ. ಅರ್ಥ ‘ಮೂಲ ಮುದ್ರಣ’. ಬರೀ 100 ಪ್ರತಿ. ಅದರ ಮೊದಲ ಮುಖಪುಟ ಲೋಟ್ರೆಕ್ ಮಾಡಿದ್ದು. ಅದರಲ್ಲಿ ನರ್ತಕಿ ಜೇನ್ ಅವ್ರಿಲ್ ಆಗಷ್ಟೇ ಅಚ್ಚಾದ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡ್ತಾ ಇದ್ದಾಳೆ. ಹಿಂದೆ ಮುದುಕ ಮುದ್ರಕ ಪೇರ್ ಕೊತೆಲ್ ಯಂತ್ರ ತಿರುಗಿಸ್ತಾ ಇದ್ದಾನೆ. ನನಗೆ ಈ ಚಿತ್ರ ಬಹಳ ಇಷ್ಟ. ಯಾಕೆ ಅಂತ ಕೊನೆಯಲ್ಲಿ ಹೇಳ್ತೀನಿ.

ಈಗ ಕಾಮರ್ಸ್ ಕ್ಲಾಸಿನ ಪಾಠ. ತಾಮ್ರದ ತಗಡಿನಲ್ಲಿ ಅಚ್ಚು ತೆಗೀತಾ ಹೋದರೆ ತಗಡು ಸವೆಯುತ್ತೆ, ಕೊನೆಯ ಪ್ರತಿಗಳು ಮಂಕಾಗುತ್ತವೆ. ಅಂದರೆ ಮಿತಿ ಅನ್ನೋದು ವಸ್ತುವಿನಲ್ಲೇ ಇದೆ. ಕಲ್ಲು ಹಾಗಲ್ಲ, ಸಾವಿರಗಟ್ಟಲೆ ತೆಗೀಬಹುದು. ಮೊದಲ ಪ್ರತಿಗೆ ಕಲಾವಿದ, ಮುದ್ರಕ, ಕಲ್ಲು ಎಲ್ಲದರ ಖರ್ಚು. ಎರಡನೆಯದಕ್ಕೆ ಕಾಗದ, ಶಾಯಿ, ಸ್ವಲ್ಪ ಕೂಲಿ ಅಷ್ಟೇ. ಇಂಥ ಸರಕಿನ ಬೆಲೆ ಸಹಜವಾಗಿ ಕೆಳಗೆ ಜಾರುತ್ತೆ. ಜಾರದಂತೆ ತಡೆಯೋಕೆ ಒಂದೇ ದಾರಿ: ಇಷ್ಟೇ ಮಾಡ್ತೀವಿ, ಇನ್ನು ಮಾಡಲ್ಲ ಅಂತ ಮಾತು ಕೊಡೋದು. ಆ ಮಾತನ್ನು ಬರಹದಲ್ಲಿ ಕೊಟ್ಟಿದ್ದೇ 43/300 ಥರದ ಸಂಖ್ಯೆ. ಕಲ್ಲು ಹಾಕದ ಮಿತಿಯನ್ನು ಮನುಷ್ಯ ಹಾಕಿದ.

ಅಂದರೆ ಆ ಸಂಖ್ಯೆ ಒಂದು ವಾಗ್ದಾನ. ವಾಗ್ದಾನ ಅಂದಮೇಲೆ ಮುರಿಯೋರೂ ಇರ್ತಾರೆ. 1974ರಲ್ಲಿ ಫ್ರಾನ್ಸಿನ ಕಸ್ಟಮ್ಸ್‌ನವರು ಅಂಡೋರಾಗೆ ಹೊರಟಿದ್ದ ಒಂದು ಗಾಡಿ ನಿಲ್ಲಿಸಿದರು. ಒಳಗೆ 40,000 ಖಾಲಿ ಹಾಳೆ. ಪ್ರತಿ ಹಾಳೆಯ ಕೆಳಗೆ ಸಾಲ್ವಡಾರ್ ಡಾಲಿಯ ಸಹಿ! ಚಿತ್ರ ಇನ್ನೂ ಇಲ್ಲ, ಸಹಿ ಮೊದಲೇ ಸಿದ್ಧ. ಖಾಲಿ ಚೆಕ್‌ಗೆ ರುಜು ಹಾಕಿಟ್ಟ ಹಾಗೆ. ಡಾಲಿ ಮುದ್ರಣಗಳು ಅಂದರೆ ಇವತ್ತಿಗೂ ಕೊಳ್ಳೋರು ಹಿಂದೆಮುಂದೆ ನೋಡೋದು ಇದಕ್ಕೇ.

ಇನ್ನೊಂದು ಕಡೆ, ಈ ವಾಗ್ದಾನವನ್ನು ಗಟ್ಟಿ ಮಾಡೋಕೆ ದುಡಿದವರೂ ಇದ್ದಾರೆ. 1960ರಲ್ಲಿ ಕಲಾವಿದೆ ಜೂನ್ ವೇಯ್ನ್ ಫೋರ್ಡ್ ಫೌಂಡೇಶನ್ ನೆರವಿನಿಂದ ಲಾಸ್ ಏಂಜಲೀಸ್‌ನಲ್ಲಿ ಟ್ಯಾಮರಿಂಡ್ ಅನ್ನೋ ಕಲ್ಲಚ್ಚಿನ ಕಾರ್ಯಾಗಾರ ಶುರು ಮಾಡಿದರು. ಟ್ಯಾಮರಿಂಡ್ ಅಂದರೆ ನಮ್ಮ ಹುಣಸೆ, ಆದರೆ ಇಲ್ಲಿ ಅದು ಆ ಬೀದಿಯ ಹೆಸರು. ಅಮೆರಿಕದಲ್ಲಿ ಈ ವಿದ್ಯೆ ನಶಿಸಿಹೋಗ್ತಾ ಇತ್ತು, ಮುದ್ರಕರನ್ನು ತಯಾರು ಮಾಡಬೇಕಿತ್ತು. ಪ್ರತಿ ಮುದ್ರಣಕ್ಕೂ ಎಷ್ಟು ಪ್ರತಿ, ಯಾವ ಕಾಗದ, ಯಾವ ಮುದ್ರಕ ಅಂತ ದಾಖಲೆ ಇಡೋ ಪದ್ಧತಿಯನ್ನು ಅವರು ಬಿಗಿ ಮಾಡಿದರು. ಹಾಳೆಯ ಮೂಲೆಯಲ್ಲಿ ಮುದ್ರಕನ ಉಬ್ಬು ಮುದ್ರೆಯನ್ನೂ ಒತ್ತುತ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಆಡಿಟ್ ಮಾಡಬಹುದಾದ ಲೆಕ್ಕ.

ಹಾಳೆ ಹಾಕೋದು ಮರೆತಾಗ

ಆಫ್‌ಸೆಟ್ ಹುಟ್ಟಿದ್ದೂ ಒಂದು ಆಕಸ್ಮಿಕದಿಂದ. 20ನೇ ಶತಮಾನದ ಆರಂಭ, ಅಮೆರಿಕದ ನ್ಯೂಜೆರ್ಸಿ. ಐರಾ ರೂಬೆಲ್ ಅನ್ನೋ ಮುದ್ರಕನ ಯಂತ್ರಕ್ಕೆ ಒಮ್ಮೆ ಕಾಗದ ಹಾಕೋದು ತಪ್ಪಿಹೋಯಿತು. ಶಾಯಿ ಹೋಗಿ ರಬ್ಬರ್ ಸುತ್ತಿದ ಸಿಲಿಂಡರಿಗೆ ಅಂಟಿತು. ಮುಂದಿನ ಹಾಳೆ ಹಾಕಿದಾಗ ಅದರ ಹಿಂಬದಿಗೂ ರಬ್ಬರಿನಿಂದ ಅಚ್ಚು ಬಿತ್ತು. ನೋಡಿದರೆ ಅದೇ ಹೆಚ್ಚು ಸ್ಪಷ್ಟವಾಗಿತ್ತು! ಮೆದು ರಬ್ಬರ್ ಕಾಗದದ ಒರಟುತನಕ್ಕೆ ಹೊಂದಿಕೊಳ್ಳುತ್ತೆ, ಅದಕ್ಕೆ. ತಗಡಿನ ಡಬ್ಬಿಗಳ ಮೇಲೆ ಅಚ್ಚು ಹಾಕೋಕೆ ಇಂಗ್ಲೆಂಡಿನಲ್ಲಿ ಇಂಥದ್ದೇ ವಿಧಾನ ಆಗಲೇ ಇತ್ತು. ಕಾಗದಕ್ಕೆ ಅದು ಬಂದದ್ದು ಹೀಗೆ. ಭಾರದ ಕಲ್ಲು ಹೋಗಿ ತೆಳು ಲೋಹದ ತಗಡು ಬಂತು. ಎಣ್ಣೆ-ನೀರಿನ ತತ್ವ ಮಾತ್ರ ಅದೇ ಉಳಿಯಿತು. ಹಾಗಾಗಿ ಶಿವಕಾಶಿಯ ಕ್ಯಾಲೆಂಡರ್ ಸೆನೆಫೆಲ್ಡರ್‌ನ ಬಟ್ಟೆ ಲೆಕ್ಕದ ಮರಿಮೊಮ್ಮಗ ಅಂದರೆ ತಪ್ಪಲ್ಲ.

ಇಲ್ಲಿ ಸಂಗ್ರಾಹಕರ ಜಗಳ ಒಂದಿದೆ. ಕಲಾವಿದ ಸ್ವತಃ ಕಲ್ಲಿನ ಮೇಲೆ ಬಿಡಿಸಿ, ಕೈಯಿಂದ ಒತ್ತಿ ತೆಗೆದದ್ದು ಮಾತ್ರ ಅಸಲಿ ಲಿಥೋಗ್ರಾಫ್, ಆಫ್‌ಸೆಟ್ ಅಂದರೆ ಬರೀ ನಕಲು ಅಂತ ಒಂದು ಗುಂಪು. ಕೈಯಿಂದ ತೆಗೆದದ್ದನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಡ್ಡಿಯ ಒರಟು ಗೆರೆ, ಕಲ್ಲಿನ ಹರಳು ಹರಳಾದ ಮೈ ಕಾಣುತ್ತೆ. ಮಾಮೂಲಿ ಆಫ್‌ಸೆಟ್‌ನಲ್ಲಿ ನಾಲ್ಕು ಬಣ್ಣದ ಚುಕ್ಕಿಗಳ ಸಾಲು. ಈ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಮುರಕಾಮಿಯ ಹೂವಿನ ಚಿತ್ರ ಹುಟ್ಟೋದೇ ಕಂಪ್ಯೂಟರಿನಲ್ಲಿ ತಿದ್ದಿದ ಚೊಕ್ಕ ಗೆರೆಗಳಿಂದ. ಅಚ್ಚಾದಮೇಲೆ ಲೋಹದ ಹೊಳಪಿನ ಲೇಪ, ಮೇಲೆ ಗಾಜಿನಂಥ ವಾರ್ನಿಶ್. ಕೈಯ ನಡುಕ ಎಲ್ಲೂ ಕಾಣಬಾರದು ಅನ್ನೋದೇ ಅವರ ಉದ್ದೇಶ. ಯಾಕೆ ಹಾಗೆ ಅಂತ ಗೊತ್ತಾಗಬೇಕಾದ್ರೆ ಜಪಾನಿಗೆ ಹೋಗಬೇಕು.

ಅಲಂಕಾರ ಕೀಳು ಅಂತ ಹೇಳಿದ್ದು ಯಾರು?

ಪ್ಯಾರಿಸ್‌ನಿಂದ ಜಪಾನಿಗೆ ದಾರಿ ಲೋಟ್ರೆಕ್‌ನ ಪೋಸ್ಟರಿನಲ್ಲೇ ಇದೆ. ನೆರಳಿಲ್ಲದ ಚಪ್ಪಟೆ ಬಣ್ಣ, ದಪ್ಪ ಹೊರಗೆರೆ, ಅಂಚಿನಲ್ಲಿ ಕತ್ತರಿಸಿದ ಆಕೃತಿ. ಇದೆಲ್ಲ ಬಂದದ್ದು ಜಪಾನಿನ ಮರದಚ್ಚಿನ ಚಿತ್ರಗಳಿಂದ. 1890ರಲ್ಲಿ ಪ್ಯಾರಿಸ್‌ನ ಕಲಾ ಶಾಲೆಯಲ್ಲಿ ಅವುಗಳದ್ದೇ ದೊಡ್ಡ ಪ್ರದರ್ಶನ ನಡೆದಿತ್ತು.

ಆ ಮರದಚ್ಚಿನ ಚಿತ್ರಗಳು ತಮ್ಮ ಊರಿನಲ್ಲಿ ಏನಾಗಿದ್ದವು ಗೊತ್ತಾ? ಒಂದೆರಡು ಬಟ್ಟಲು ನೂಡಲ್ಸಿನ ಬೆಲೆಗೆ ಸಿಗೋ ಸರಕು. ನಟರ ಚಿತ್ರ, ಸುಂದರಿಯರ ಚಿತ್ರ, ಪ್ರವಾಸಿ ತಾಣದ ಚಿತ್ರ. ಕುನಿಯೋಶಿ ಅನ್ನೋ ಕಲಾವಿದ ಬೆಕ್ಕುಗಳಿಗೆ ಬಟ್ಟೆ ತೊಡಿಸಿ ಮನುಷ್ಯರ ಥರ ಕುಣಿಸ್ತಿದ್ದ. ಸಂಖ್ಯೆ ಗಿಂಖ್ಯೆ ಏನೂ ಇಲ್ಲ. ಬೇಡಿಕೆ ಇರೋವರೆಗೆ, ಮರ ಸವೆಯೋವರೆಗೆ ಅಚ್ಚು ಹಾಕ್ತಾ ಇದ್ದರು. ಪರದೆಯ ಮೇಲಿನ ಚಿತ್ರ, ಬೀಸಣಿಗೆಯ ಮೇಲಿನ ಹೂವು, ಪಿಂಗಾಣಿಯ ನಕಾಶೆ ಇವುಗಳ ನಡುವೆ ಇದು ಕಲೆ, ಅದು ಅಲಂಕಾರ ಅಂತ ಗೋಡೆ ಇರಲಿಲ್ಲ. ಪಾಶ್ಚಾತ್ಯ ಅರ್ಥದ ‘ಕಲೆ’ಗೆ ಜಪಾನಿ ಭಾಷೆಯಲ್ಲಿ ಈಗ ಬಳಸೋ ಪದ ‘ಬಿಜುತ್ಸು’. ಅದನ್ನು ಕಟ್ಟಿದ್ದು 1873ರ ವಿಯೆನ್ನಾ ವಸ್ತುಪ್ರದರ್ಶನಕ್ಕೆ ಸರಕು ಕಳಿಸುವಾಗ, ಜರ್ಮನ್ ಪದದ ಅನುವಾದವಾಗಿ. ಯಾವ ಪೆಟ್ಟಿಗೆಗೆ ಯಾವ ಚೀಟಿ ಅಂಟಿಸಬೇಕು ಅನ್ನೋ ಪ್ರಶ್ನೆಯಿಂದ ಒಂದು ಮೇಲು-ಕೀಳು ಶುರುವಾಯಿತು ಅಂದ್ಕೊಳ್ಳಿ.

ಮುರಕಾಮಿ ಹುಟ್ಟಿದ್ದು 1962ರಲ್ಲಿ, ಟೋಕಿಯೋದಲ್ಲಿ. ಅನಿಮೇಷನ್ ಹುಚ್ಚು ಇದ್ದ ಹುಡುಗ ಓದಿದ್ದು ಮಾತ್ರ ನಿಹೊಂಗಾ, ಅಂದರೆ ಸಾಂಪ್ರದಾಯಿಕ ಜಪಾನಿ ಚಿತ್ರಕಲೆ. 1993ರಲ್ಲಿ ಅದರಲ್ಲೇ ಡಾಕ್ಟರೇಟ್. ಆ ಪರಂಪರೆಯಲ್ಲಿ ಹಿಮ, ಚಂದ್ರ, ಹೂವು ಅನ್ನೋದು ಸಾವಿರ ಸಲ ಬಂದಿರೋ ವಸ್ತು. ಜೊತೆಗೆ ಒಂಬತ್ತು ವರ್ಷ ಪ್ರವೇಶ ಪರೀಕ್ಷೆಯ ಕೋಚಿಂಗ್ ಶಾಲೆಯಲ್ಲಿ ಹೂವು ಬಿಡಿಸೋದನ್ನು ಕಲಿಸಿದರು. ನಗುವ ಹೂವಿನ ಹಿಂದೆ ಇರೋದು ಈ ದೀರ್ಘ ಅಭ್ಯಾಸ.

ಅದೇ 1993ರಲ್ಲಿ ಮಿಸ್ಟರ್ ಡಿಒಬಿ ಅನ್ನೋ ಪಾತ್ರ ಬಂತು. ಇಲಿಯಂಥ ಮುಖ, ಒಂದು ಕಿವಿಯಲ್ಲಿ ಡಿ, ಇನ್ನೊಂದು ಕಿವಿಯಲ್ಲಿ ಬಿ, ಮುಖವೇ ಒ. ಒಮ್ಮೆ ಮುದ್ದಾಗಿ ನಗುತ್ತೆ, ಒಮ್ಮೆ ಹಲ್ಲು ಕಿರಿದು ಹೆದರಿಸುತ್ತೆ. 2000ದಲ್ಲಿ ಮುರಕಾಮಿ ‘ಸೂಪರ್‌ಫ್ಲ್ಯಾಟ್’ ಅನ್ನೋ ಪ್ರದರ್ಶನ ಮಾಡಿ ತನ್ನ ವಾದ ಮುಂದಿಟ್ಟರು. ಹಳೇ ಮರದಚ್ಚಿನ ಚಪ್ಪಟೆತನ ಮತ್ತು ಇಂದಿನ ಕಾರ್ಟೂನಿನ ಚಪ್ಪಟೆತನ ಒಂದೇ ಬಳ್ಳಿಯ ಕಾಯಿ. ಹಾಗೇ ಯುದ್ಧಾನಂತರದ ಜಪಾನಿನಲ್ಲಿ ಉಚ್ಚ ಕಲೆ, ಅಂಗಡಿ ಸರಕು ಅನ್ನೋ ಎತ್ತರ-ತಗ್ಗೂ ಚಪ್ಪಟೆಯಾಗಿದೆ ಅಂತ. ಇದಕ್ಕೆ ದಾರಿ ಹಾಕಿದ್ದು ಇತಿಹಾಸಕಾರ ತ್ಸುಜಿ ನೊಬುಒ ಅವರ 1970ರ ಪುಸ್ತಕ. ಪಂಡಿತರು ಬದಿಗೆ ಸರಿಸಿದ್ದ ಜಾಕುಚು, ಶೋಹಾಕು, ಕುನಿಯೋಶಿಯಂಥ ವಿಚಿತ್ರ ಕಲ್ಪನೆಯ ಕಲಾವಿದರನ್ನು ಮತ್ತೆ ಮುಂದೆ ತಂದದ್ದು ಅದು.

ನಗುವಿನ ಹಿಂದೆ

ಇಷ್ಟೊಂದು ನಗು ಯಾಕೆ? ನೂರಾರು ಬಾಯಿ ಒಟ್ಟಿಗೆ ತೆರೆದು ನಗೋದನ್ನು ಸ್ವಲ್ಪ ಹೊತ್ತು ನೋಡ್ತಾ ಇದ್ದರೆ ಖುಷಿಯ ಜೊತೆಗೆ ಏನೋ ಒಂದು ಕಸಿವಿಸಿ ಆಗುತ್ತೆ.

ಮುರಕಾಮಿಯ ತಾಯಿ ಕೊಕುರಾ ಊರಿನವರು. 1945ರ ಆಗಸ್ಟ್ 9ರಂದು ಎರಡನೇ ಅಣುಬಾಂಬ್ ಬೀಳಬೇಕಿದ್ದದ್ದು ಕೊಕುರಾ ಮೇಲೆ. ಆ ಬೆಳಗ್ಗೆ ಆಕಾಶ ಮಬ್ಬಾಗಿ ಗುರಿ ಕಾಣಲಿಲ್ಲ. ವಿಮಾನ ನಾಗಸಾಕಿ ಕಡೆ ತಿರುಗಿತು. ಅವತ್ತು ಮೋಡ ಇಲ್ಲದಿದ್ದರೆ ನೀನು ಹುಟ್ತಾನೇ ಇರಲಿಲ್ಲ ಅಂತ ಅಮ್ಮ ಹೇಳ್ತಾ ಇದ್ದದ್ದನ್ನು ಮುರಕಾಮಿ ನೆನಪಿಸಿಕೊಂಡಿದ್ದಾರೆ. 2005ರಲ್ಲಿ ನ್ಯೂಯಾರ್ಕಿನಲ್ಲಿ ಅವರು ಜಪಾನಿನ ಕಾರ್ಟೂನು, ಆಟಿಕೆ, ಚಿತ್ರಗಳ ಪ್ರದರ್ಶನ ಏರ್ಪಡಿಸಿದಾಗ ಅದಕ್ಕಿಟ್ಟ ಹೆಸರು ‘ಲಿಟಲ್ ಬಾಯ್’. ಹಿರೋಶಿಮಾ ಮೇಲೆ ಬಿದ್ದ ಬಾಂಬಿನ ಹೆಸರು ಅದು. ಸೋತ ದೇಶ ದೊಡ್ಡವನಾಗಲು ಒಲ್ಲದ ಮಗುವಿನ ಹಾಗೆ ಮುದ್ದು ಬೊಂಬೆಗಳ ಲೋಕಕ್ಕೆ ಸೇರಿಕೊಂಡಿತು ಅನ್ನೋದು ಅವರ ವಾದ. ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು. ಆದರೆ ಇದು ಗೊತ್ತಾದಮೇಲೆ ಆ ಹೂವುಗಳನ್ನು ಬರೀ ಮಕ್ಕಳ ಚಿತ್ರ ಅಂತ ತಳ್ಳಿಹಾಕೋದು ಕಷ್ಟ.

ಮುನ್ನೂರು ಮತ್ತು ಮೂವತ್ತಮೂರು

ಈಗ ದುಡ್ಡಿನ ಮಾತು. ಮುರಕಾಮಿ ಇದನ್ನು ಮುಚ್ಚಿಡೋದಿಲ್ಲ. 1996ರಲ್ಲಿ ಸ್ಟುಡಿಯೋ ಕಟ್ಟಿದರು, 2001ರಲ್ಲಿ ಅದು ಕೈಕೈ ಕಿಕಿ ಅನ್ನೋ ಕಂಪನಿಯಾಯಿತು. 2003ರಲ್ಲಿ ಲೂಯಿ ವಿಟಾನ್ ಕೈಚೀಲಕ್ಕೆ 33 ಬಣ್ಣಗಳ ವಿನ್ಯಾಸ ಮಾಡಿಕೊಟ್ಟರು. 2006ರಲ್ಲಿ ಕಲೆಯನ್ನು ಉದ್ಯಮವಾಗಿ ನಡೆಸೋದು ಹೇಗೆ ಅಂತ ಜಪಾನಿಯಲ್ಲಿ ಪುಸ್ತಕವನ್ನೇ ಬರೆದರು. 2008ರ ಮೇ ತಿಂಗಳಲ್ಲಿ ಅವರ 1998ರ ಒಂದು ಶಿಲ್ಪ ಸದಬಿ ಹರಾಜಿನಲ್ಲಿ 1.5 ಕೋಟಿ ಡಾಲರ್ ದಾಟಿತು. ಅದೇ ಹೂವು ದಿಂಬಾಗಿ, ಕೀ ಚೈನಾಗಿ, ಅಂಗಿಯಾಗಿಯೂ ಸಿಗುತ್ತೆ. ಒಂದೇ ಹೂವಿಗೆ ಮೂರು ಮಾರುಕಟ್ಟೆ: ಒಂದೇ ಪ್ರತಿಯ ವರ್ಣಚಿತ್ರ, 300ರ ಲಿಥೋಗ್ರಾಫ್, ಲೆಕ್ಕವಿಲ್ಲದ ದಿಂಬು.

ಇಲ್ಲೂ ಸಂಖ್ಯೆಯ ವಾಗ್ದಾನ ಪರೀಕ್ಷೆಗೆ ಬಿತ್ತು. 2007-08ರಲ್ಲಿ ಲಾಸ್ ಏಂಜಲೀಸ್ ಮ್ಯೂಸಿಯಂನಲ್ಲಿ ಅವರ ದೊಡ್ಡ ಪ್ರದರ್ಶನ ನಡೆದಾಗ ಒಳಗೇ ಲೂಯಿ ವಿಟಾನ್ ಅಂಗಡಿ ಇತ್ತು. ಅಲ್ಲಿ ಸೀಮಿತ ಪ್ರತಿಗಳ ಚಿತ್ರಗಳೂ ಮಾರಾಟಕ್ಕಿದ್ದವು. ಚೀಲಕ್ಕೆ ಬಳಸೋ ಬಟ್ಟೆಯನ್ನೇ ಚೌಕಟ್ಟಿಗೆ ಬಿಗಿದು ಮಾರಿದ್ದಾರೆ ಅಂತ ಆರೋಪಿಸಿ ಒಬ್ಬ ಗ್ರಾಹಕ ಕೋರ್ಟಿಗೆ ಹೋದ. ಕ್ಯಾಲಿಫೋರ್ನಿಯಾದಲ್ಲಿ ಸೀಮಿತ ಮುದ್ರಣ ಮಾರೋರು ಅದರ ವಿವರಗಳನ್ನು ಬರಹದಲ್ಲಿ ಕೊಡಬೇಕು ಅನ್ನೋ ಕಾನೂನೇ ಇದೆ. ಅದನ್ನು ಪಾಲಿಸಿಲ್ಲ ಅನ್ನೋದು ಅವನ ವಾದ. ಇದು ಆರೋಪ ಅನ್ನೋದು ನೆನಪಿರಲಿ. ಆದರೆ ಅವನ ಪ್ರಶ್ನೆ ಮುಖ್ಯ. ಒಂದೇ ವಿನ್ಯಾಸ ಚೀಲವೂ ಆಗಿ ಚಿತ್ರವೂ ಆದಾಗ, ನನಗೆ ಮಾರಿದ್ದು ಏನು ಅಂತ ಕೇಳೋ ಹಕ್ಕು ಕೊಂಡವನಿಗೆ ಇದೆ.

ಮಾರುಕಟ್ಟೆ ಯಾವಾಗಲೂ ನಗ್ತಾ ಇರೋದೂ ಇಲ್ಲ. 2020ರ ಜುಲೈನಲ್ಲಿ ಕೋವಿಡ್ ಹೊಡೆತಕ್ಕೆ ಕಂಪನಿ ದಿವಾಳಿಯ ಅಂಚಿಗೆ ಬಂದಿದೆ, ತೆಗೀತಾ ಇದ್ದ ಸಿನಿಮಾ ಕೈಬಿಡಬೇಕಾಗಿದೆ ಅಂತ ಮುರಕಾಮಿ ತಾವೇ ವಿಡಿಯೋ ಮಾಡಿ ಹೇಳಿಕೊಂಡರು.

ಹಾಗಾದ್ರೆ ಕೊಳ್ಳಬಹುದಾ?

ಲಿಥೋಗ್ರಾಫನ್ನು ಹೂಡಿಕೆ ಅಂತ ಕೊಳ್ಳಬಹುದಾ ಅನ್ನೋದು ನನ್ನ ವಯಸ್ಸಿನವರ ಮೊದಲ ಪ್ರಶ್ನೆ. ನನ್ನ ಉತ್ತರ ಇಷ್ಟು. ಈ ಕಾಗದದಲ್ಲಿ ಚಿನ್ನದ ಹಾಗೆ ತನ್ನದೇ ಆದ ಬೆಲೆ ಏನೂ ಇಲ್ಲ. ಇರೋದು ಒಂದು ಮಾತು, ಆ ಮಾತನ್ನು ಇತರರೂ ನಂಬ್ತಾರೆ ಅನ್ನೋ ನಂಬಿಕೆ. ಹಾಗಾಗಿ ಕೊಳ್ಳೋರು ಚಿತ್ರಕ್ಕಿಂತ ಮೊದಲು ಮಾತನ್ನು ಪರೀಕ್ಷೆ ಮಾಡಬೇಕು. ಒಟ್ಟು ಎಷ್ಟು ಪ್ರತಿ? ಕಲಾವಿದನಿಗೆ ಅಂತ ಸಂಖ್ಯೆಯ ಹೊರಗೆ ಎಷ್ಟು? ಕಲ್ಲಾ, ಆಫ್‌ಸೆಟ್ಟಾ? ಮಾರಿದ ಅಂಗಡಿಯ ಬಿಲ್ ಇದೆಯಾ? 3/300 ಅನ್ನೋದು 287/300ಕ್ಕಿಂತ ಶ್ರೇಷ್ಠ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈ ವಿಧಾನದಲ್ಲಿ ಎಲ್ಲವೂ ಒಂದೇ.

ಇನ್ನು ಲೋಟ್ರೆಕ್‌ನ ಆ ಮುಖಪುಟ. ‘ಮೂಲ ಮುದ್ರಣ’ ಅಂತ ಹೆಸರಿಟ್ಟ ಸಂಪುಟದ ಮೇಲೆ ಲೋಟ್ರೆಕ್ ಬಿಡಿಸಿದ್ದು ಯಂತ್ರ ತಿರುಗಿಸೋ ಮುದುಕನನ್ನು ಮತ್ತು ಹಾಳೆ ನೋಡೋ ಹೆಣ್ಣನ್ನು. ಅಂದರೆ ಮಾಡಿದವನು, ನೋಡಿದವಳು. ಮುರಕಾಮಿ ಸ್ಟುಡಿಯೋದ ವರ್ಣಚಿತ್ರಗಳ ಹಿಂಬದಿಯಲ್ಲಿ ಕೆಲಸ ಮಾಡಿದ ಸಹಾಯಕರ ಹೆಸರುಗಳನ್ನು ಬರೆದಿರ್ತಾರೆ. ಲಿಥೋಗ್ರಾಫಿನ ಮುಂಭಾಗದಲ್ಲಿ ಒಂದೇ ಸಹಿ, ಒಂದೇ ಸಂಖ್ಯೆ. ನನಗನ್ನಿಸೋದು, ಕಲ್ಲಚ್ಚಿನ 230 ವರ್ಷದ ಕಥೆ ಈ ಎರಡರ ನಡುವಿನ ಎಳೆದಾಟ. ಎಲ್ಲರಿಗೂ ಎಟಕಲಿ ಅಂತ ಹುಟ್ಟಿದ ವಿದ್ಯೆಗೆ, ಕೆಲವರಿಗೇ ಸಿಗಲಿ ಅಂತ ಒಂದು ಸಂಖ್ಯೆ ಕಟ್ಟಿದ್ದೀವಿ. ಸಂಖ್ಯೆಯಿಂದ ಕಲಾವಿದರ ಮನೆ ನಡೆಯುತ್ತೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನೋಡೋ ಸಂತೋಷ 300ಕ್ಕೆ ನಿಲ್ಲೋದಿಲ್ಲ. ಲೆಕ್ಕವಿಲ್ಲದ ದಿಂಬಿನ ಮೇಲಿರೋ ಹೂವಿನಲ್ಲೂ ನಗೋದು ಅದೇ ಮುಖ.

ಈ ಸಂಚಿಕೆ ಇಷ್ಟ ಆದ್ರೆ ನಾಲ್ಕು ಜನಕ್ಕೆ ಕಳಿಸಿ. ಇದಕ್ಕೆ ಸಂಖ್ಯೆಯ ಮಿತಿ ಇಲ್ಲ!